ಗೋಪುರ ಮತ್ತು ಕೆಂಪು ಶಾಲಿನ ಹಾಲಿನವಳು

ಚಿತ್ರಪ್ರದರ್ಶನದ ಬಾಗಿಲು ತೆರೆಯಲು ಇನ್ನು ಅರ್ಧ ಗಂಟೆಯಿತ್ತು. ನದಿಯಾಚೆಯ ಊರನ್ನೂ ಅದರ ದೊಡ್ಡ ಚರ್ಚನ್ನೂ ಬರೆದಿದ್ದ ಚಿತ್ರಕಾರ ಕೊನೆಯ ಬಾರಿ ತಿದ್ದಿ, ಕೈ ತೊಳೆಯಲು ಹೋಗಿದ್ದ. ಚಿತ್ರದೊಳಗಿನ ಆ ಚರ್ಚಿನ ಗೋಪುರಕ್ಕೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಇವತ್ತು ಊರಿಗೆ ಊರೇ ನನ್ನನ್ನು ನೋಡಲು ಬರುತ್ತಿದೆ!” ಎಂದಿತು. ಆಮೇಲೆ ಕೆಳಗೆ ನೋಡಿ ಗದರಿತು: “ಏ ಹಾಲಿನವಳೇ, ನನ್ನೆದುರು ನಿನಗೇನು ಕೆಲಸ? ಆ ಕೆಂಪು ಶಾಲು ಬೇರೆ! ಜನರ ಕಣ್ಣು ಮೊದಲು ನಿನ್ನ ಮೇಲೇ ಬೀಳುತ್ತದೆ.”

ನದಿಯ ಈಚೆ ದಡದಲ್ಲಿ, ಉಗುರಿನಷ್ಟೇ ಎತ್ತರದ ಹಾಲಿನವಳು ನೋಡುಗರಿಗೆ ಬೆನ್ನು ಮಾಡಿ ನಿಂತಿದ್ದಳು. “ಬಿದ್ದರೆ ಬೀಳಲಿ ಬಿಡಿ, ಗೋಪುರರಾಯರೇ. ನಾನು ನೋಡುತ್ತಿರುವುದು ನಿಮ್ಮನ್ನೇ. ಅವರೂ ನನ್ನ ಜೊತೆಗೇ ಕತ್ತೆತ್ತುತ್ತಾರೆ” ಎಂದಳು.

ಗೋಪುರ ಕೇಳಲಿಲ್ಲ. ಚಿತ್ರಕಾರ ಬಿಟ್ಟುಹೋಗಿದ್ದ ಬಣ್ಣ ಒರೆಸುವ ಬಟ್ಟೆಯನ್ನು ಕೂಗಿ ಕರೆಯಿತು. “ಬೇಗ ಬಾ! ಅವಳ ಬಣ್ಣ ಇನ್ನೂ ಹಸಿ!” ಬಟ್ಟೆ ಹಾರಿ ಬಂದು ಒಂದೇ ಸಲಕ್ಕೆ ಅವಳನ್ನು ಒರೆಸಿಬಿಟ್ಟಿತು. ದಡ ಬರಿದಾಯಿತು.

ಬಾಗಿಲು ತೆರೆಯಿತು. ಜನ ನುಗ್ಗಿದರು. ಎಲ್ಲರಿಗಿಂತ ಮೊದಲು ಬಂದ ಹೆಂಗಸು ಗಂಡನಿಗೆ, “ನೋಡಿ, ಎಷ್ಟು ಮುದ್ದಾದ ಗೊಂಬೆ ಚರ್ಚು! ನಮ್ಮ ಮೇಜಿನ ಮೇಲೆ ಇಡಬಹುದು” ಎಂದು ನಕ್ಕು ಪಕ್ಕದ ಚಿತ್ರಕ್ಕೆ ನಡೆದಳು.

ಗೋಪುರ ಕೂಗಿಕೊಂಡಿತು: “ಅಯ್ಯೋ, ನಾನು ಎಷ್ಟು ದೊಡ್ಡವನೆಂದು ತೋರಿಸಲು ಅವಳೊಬ್ಬಳೇ ಇದ್ದಳು! ಬಟ್ಟೆಯಪ್ಪಾ, ಬೇಗ ಅವಳನ್ನು ಮತ್ತೆ ಅಲ್ಲಿ ನಿಲ್ಲಿಸು!”

ಬಟ್ಟೆ ತನ್ನ ಮಡಿಕೆಯಲ್ಲಿದ್ದ ಕೆಂಪು ಕಲೆಯನ್ನು ನೋಡಿಕೊಂಡಿತು. “ನನಗೆ ಒರೆಸಲು ಮಾತ್ರ ಬರುತ್ತದೆ, ರಾಯರೇ” ಎಂದಿತು.