ಬೆಂಕಿಗೆರೆಯ ಮೇಲಿನ ದಿಮ್ಮಿ

ಗುಡ್ಡದ ಬುಡದಲ್ಲೊಂದು ಮಠವಿತ್ತು. ಮಠ ಅನ್ನುವುದಕ್ಕಿಂತ ಗರಡಿಮನೆ ಅಂದರೇ ಸರಿ. ಅಲ್ಲಿ ದೇವರಿಗೆ ಸಿಕ್ಕಿದ್ದು ಗೋಡೆಯಲ್ಲೊಂದು ಗೂಡು, ಸಾಮು ಮಾಡುವವರಿಗೆ ಸಿಕ್ಕಿದ್ದು ಇಡೀ ಹಜಾರ.

ಗರಡಿಯ ಗುರು ಅಡವಯ್ಯನವರು. ಎಲ್ಲರ ಬಾಯಲ್ಲೂ ಅಜ್ಜಾರು. ಹರೆಯದಲ್ಲಿ ಅವರು ದೊಡ್ಡ ಗುಂಡುಕಲ್ಲನ್ನು ಎದೆಗೇರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆದವರು. ಈಗ ಮೊಣಕಾಲು ಸೋತಿದ್ದವು, ಕಣ್ಣು ಮಂಜಾಗಿದ್ದವು. ಕೈಗಳು ಮಾತ್ರ ಮುದಿಯಾಗಿರಲಿಲ್ಲ.

ಸಾಮು ಮುಗಿದ ಮೇಲೆ ಶಿಷ್ಯರ ಬೆನ್ನಿಗೆ ಎಣ್ಣೆ ತಿಕ್ಕುವುದು ಅವರದೇ ಕೆಲಸ. ನೋವು ಎಲ್ಲಿದೆ ಎಂದು ಯಾರೂ ಹೇಳಬೇಕಿರಲಿಲ್ಲ. ಬೆರಳು ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು.

ಆ ವರ್ಷ ಗರಡಿಯಲ್ಲಿ ಉಳಿದಿದ್ದ ಶಿಷ್ಯ ಒಬ್ಬನೇ, ಬರಮ. ಬಂದಾಗ ಅವನು ಗಾಳಿಗೆ ಹಾರಿಹೋಗುವ ಹಾಗಿದ್ದ. ಊರಿನವರು ಕಡ್ಡಿ ಬರಮ ಎಂದು ಕರೆದು ನಗುತ್ತಿದ್ದರು. ಈಗ ಕಟ್ಟುಮಸ್ತಾದ ಆಳು. ಹೋಳಿ ಹುಣ್ಣಿಮೆಯ ಪಂದ್ಯದಲ್ಲಿ, ಅಜ್ಜಾರ ಕಣ್ಣೆದುರಿಗೆ, ಅವರು ಎತ್ತಿದ ಕಲ್ಲನ್ನೇ ಎತ್ತಬೇಕು. ಅದೊಂದೇ ಅವನ ಆಸೆ. ಅದಕ್ಕಾಗಿ ಅವನು ಏನನ್ನಾದರೂ ಬಿಟ್ಟುಕೊಡುತ್ತಿದ್ದ.

ಆದರೆ ಒಬ್ಬನೇ ಉಳಿದರೆ ಕೆಲಸವೆಲ್ಲ ಒಬ್ಬನ ತಲೆಗೇ ತಾನೆ? ನೀರು ಹೊರುವುದು, ಸೌದೆ ಒಡೆಯುವುದು, ಕೊಟ್ಟಿಗೆ ಬಳಿಯುವುದು. ಅಡುಗೆಯ ಸಂಕವ್ವ ಹಿತ್ತಲ ಬಾಗಿಲಲ್ಲಿ ನಿಂತು ಜಾಗಟೆ ಬಾರಿಸಿದಳೆಂದರೆ ಬರಮ ಓಡಬೇಕು.

ಒಂದು ದಿನ ಅವನಿಗೆ ರೋಸಿಹೋಯಿತು.

"ಅಜ್ಜಾರ, ದುಡಿಯೂದ್ರಾಗ ಮೈಯೆಲ್ಲಾ ಹಣ್ಣಾಗ್ತೈತ್ರಿ. ಸಾಮು ಯಾವಾಗ ಮಾಡ್ಲಿ?"

"ಸಾಮು ಯಾಕ ಮಾಡ್ತೀಯೋ ತಮ್ಮಾ?"

"ಶಕ್ತಿ ಬರ್ಲಿ ಅಂತ್ರಿ."

"ಬಂದ್ರ?"

"ಗುಂಡು ಎತ್ತತೀನ್ರಿ."

"ಎತ್ತಿ?"

ಎತ್ತಿದ ಮೇಲೆ ಏನೆಂದು ಅಲ್ಲಿಯವರೆಗೆ ಅವನು ಯೋಚನೆಯನ್ನೇ ಮಾಡಿರಲಿಲ್ಲ.

"ಎತ್ತಿ... ಮತ್ತ ಕೆಳಗ ಇಡ್ತೀನ್ರಿ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಎದ್ದುಹೋಗಿ, ಮೂಲೆಯಲ್ಲಿದ್ದ ಕುಡುಗೋಲು, ಪೊರಕೆ ತಂದು ಅವನ ಕೈಗಿಟ್ಟರು.

"ಬೆಂಕಿಗೆರಿ ಹಸನ ಮಾಡಿ ಬಾ. ಅದೂ ಸಾಮುನ."

ಗುಡ್ಡದ ಹುಲ್ಲು ಒಣಗಿ ನಿಂತಿತ್ತು. ಆಚೆಯ ಗುಡ್ಡದಲ್ಲಿ ಆಗಲೇ ಹೊಗೆ ಎದ್ದಿತ್ತು. ಬೇಸಿಗೆ ಬಂತೆಂದರೆ ಕಾಡಿಗೂ ಮಠದ ಕೊಟ್ಟಿಗೆಗೂ ನಡುವೆ ಅಗಲವಾದ ಪಟ್ಟಿಯೊಂದನ್ನು ಹುಲ್ಲಿಲ್ಲದಂತೆ ಕೆರೆದು ಬೋಳು ಮಾಡುವುದು ವಾಡಿಕೆ. ಬೆಂಕಿ ಅಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ ಸಾಯುತ್ತದೆ.

ಕಸ ಗುಡಿಸಿ ಯಾರ ಎದೆ ಅಗಲವಾಗಿದೆ ಎಂದು ಬರಮ ಮೂಗು ಮುರಿದ. ಆದರೂ ಹೋದ. ಹುಲ್ಲು ಕೊಯ್ದ, ತರಗೆಲೆ ಗುಡಿಸಿದ. ಕೆಲಸಗಳ್ಳನೇನಲ್ಲ ಅವನು.

ಗೆರೆಯ ತುದಿಯಲ್ಲಿ ಒಣಮರವೊಂದು ಅಡ್ಡ ಬಿದ್ದಿತ್ತು. ಅರ್ಧ ಕಾಡಿನ ಕಡೆ, ಅರ್ಧ ಮಠದ ಕಡೆ. ಒಳಗೆ ಗೆದ್ದಲು ತಿಂದ ದಿಮ್ಮಿ.

ಬರಮ ಬಗ್ಗಿ ಅದಕ್ಕೆ ಕೈ ಹಚ್ಚಿದ. ಹಚ್ಚಿ ಹಿಂದೆಗೆದ. ಹುಣ್ಣಿಮೆ ಹತ್ತಿರ ಬಂದಿದೆ. ಇದನ್ನು ಹೊರಳಿಸಲು ಹೋಗಿ ಸೊಂಟ ಹಿಡಿದುಕೊಂಡರೆ ಪಂದ್ಯದ ಗತಿ ಏನು? ದಿಮ್ಮಿಯ ಸುತ್ತ ಚೆನ್ನಾಗಿ ಗುಡಿಸಿ ಇಳಿದುಬಂದ.

"ಹಸನ ಆತೇನೋ?" ಗುರುಗಳು ಕೇಳಿದರು.

"ಒಂದ್ ಹುಲ್ಲಿನೆಸಳು ಇಲ್ರಿ ಅಜ್ಜಾರ."

ಸುಳ್ಳಲ್ಲ. ಹುಲ್ಲಿರಲಿಲ್ಲ.

ಆ ಸಂಜೆ ಎಣ್ಣೆ ತಿಕ್ಕುವಾಗ ಗುರುಗಳ ಬೆರಳು ಅವನ ಸೊಂಟದ ಮೇಲೆ ಸ್ವಲ್ಪ ಹೊತ್ತು ನಿಂತಿತು.

"ಇವತ್ತ ಬೆನ್ನಾ ದಣದಿಲ್ಲಲ್ಲೋ."

ದಿಮ್ಮಿಯ ವಿಷಯ ಬರಮ ಹೇಳಿಬಿಡಬಹುದಿತ್ತು. ಎಣ್ಣೆಯ ಬಟ್ಟಲು ಪಕ್ಕದಲ್ಲಿತ್ತು, ಅಜ್ಜಾರ ಕೈ ಬೆನ್ನ ಮೇಲಿತ್ತು, ಗದರಿಸುವ ಮನುಷ್ಯರೂ ಅಲ್ಲ ಅವರು. ನಾಳೆ ನೋಡಿದರಾಯಿತು ಎಂದು ಸುಮ್ಮನಾದ. ಗುರುಗಳೂ ಮತ್ತೆ ಕೇಳಲಿಲ್ಲ.

ಮರುದಿನ ಇಳಿಹೊತ್ತಿಗೆ ಗಾಳಿ ತಿರುಗಿತು.

ಬರಮ ಆಗ ಅಖಾಡದ ಕೆಂಪುಮಣ್ಣಿನಲ್ಲಿ ಬಸ್ಕಿ ಹೊಡೆಯುತ್ತಿದ್ದ. ಹಿತ್ತಲಲ್ಲಿ ಜಾಗಟೆ ಕೇಳಿಸಿತು. ಸೌದೆ ಬೇಕಾಗಿರಬೇಕು ಅಂದುಕೊಂಡ. ಅಖಾಡಕ್ಕೆ ಇಳಿದವನು ಹಿಡಿದ ಸಾಮು ಮುಗಿಸದೆ ಹೊರಗೆ ಕಾಲಿಡಬಾರದು ಎನ್ನುವುದು ಗರಡಿಯ ಕಟ್ಟಳೆ. ಬೇಡದ ಕೆಲಸ ಬಂದಾಗಲೆಲ್ಲ ಬರಮನಿಗೆ ಈ ಕಟ್ಟಳೆ ತಪ್ಪದೆ ನೆನಪಾಗುತ್ತಿತ್ತು.

ಜಾಗಟೆ ನಿಲ್ಲಲಿಲ್ಲ.

ಮುದುಕಿಗೆ ಇವತ್ತು ಏನು ಬಂದಿದೆ ಎಂದು ಗೊಣಗಿ, ಬಸ್ಕಿ ಮುಗಿಸಿ, ದಂಡ ಹೊಡೆಯಲು ಬಾಗಿದ.

ಜಾಗಟೆ ನಿಂತಿತು. ಸಂಕವ್ವ ಏದುಸಿರು ಬಿಡುತ್ತ ಗರಡಿಯ ಬಾಗಿಲಿಗೇ ಬಂದಳು.

"ಕಿವಿ ಸತ್ತಾವೇನೋ ನಿನ್ವು! ಗುಡ್ಡಕ್ಕ ಬೆಂಕಿ ಬಿದ್ದೈತಿ. ಗೆರಿ ಮ್ಯಾಲ ಅದೇನೋ ದಿಮ್ಮಿ ಹತ್ತಿ ಉರಿಯಾಕತ್ತೈತಂತ. ನಿನ್ನ ಕರಿಯಾಕ ಹೇಳಿ ಅಜ್ಜಾರು ಒಬ್ಬರ ಓಡ್ಯಾರ!"

ಬರಮ ಮೈಮೇಲಿನ ಮಣ್ಣನ್ನೂ ಒರೆಸದೆ ಗುಡ್ಡ ಹತ್ತಿದ.

ಗೆರೆ ತನ್ನ ಕೆಲಸ ಮಾಡಿತ್ತು. ಉದ್ದಕ್ಕೂ ಬೆಂಕಿ ಬಂದು ಅಂಚಿನಲ್ಲೇ ಸತ್ತಿತ್ತು. ದಿಮ್ಮಿ ಮಾತ್ರ ಇದ್ದಲ್ಲಿ ಇರಲಿಲ್ಲ. ಕಾಡಿನ ಕಡೆಗೆ ಹೊರಳಿ, ಇನ್ನೂ ಉರಿಯುತ್ತಿತ್ತು.

ಬೋಳು ನೆಲದ ಮೇಲೆ ಗುರುಗಳು ಕುಳಿತಿದ್ದರು. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು. ಬರಮ ಆ ಸುಟ್ಟ ಕೈಗಳನ್ನು ನೋಡಿದ. ನೋಡಲಾರದೆ ಮುಖ ತಿರುಗಿಸಿದ.

"ಅಜ್ಜಾರ..."

"ದನಕ್ಕ ನೀರು ಕುಡಸೀಯೇನೋ?"

"ಇಲ್ರಿ."

"ಕುಡಸು ಹೋಗು. ಹೊಗಿಗೆ ಗಂಟಲಾ ಒಣಗಿರ್ತಾವ ಪಾಪ."

ಬರಮ ಹೋಗಲಿಲ್ಲ. ಅವರನ್ನು ಎತ್ತಿಕೊಂಡು ಗುಡ್ಡ ಇಳಿದ. ಅಷ್ಟು ವರ್ಷ ಬೆಳೆಸಿದ ಮೈಗೆ ಅವರ ಭಾರ ಒಂದು ಭಾರವೇ ಆಗಿರಲಿಲ್ಲ. ದಾರಿಯುದ್ದಕ್ಕೂ ಅತ್ತ.

ಹೋಳಿ ಹುಣ್ಣಿಮೆ ಬಂತು, ಹೋಯಿತು. ಪಂದ್ಯದಲ್ಲಿ ಯಾರು ಗೆದ್ದರೆಂದು ಬರಮ ಕೇಳಲಿಲ್ಲ. ಅವನು ರೊಟ್ಟಿ ಮುರಿದು, ಸಾರಿನಲ್ಲಿ ನೆನೆಸಿ, ಗುರುಗಳ ಬಾಯಿಗೆ ಇಡುತ್ತಿದ್ದ. ಗಾಯ ಮಾಯಿತು. ಬೆರಳುಗಳು ಮಾತ್ರ ಒಳಕ್ಕೆ ಮುದುಡಿಕೊಂಡವು, ಮತ್ತೆ ಬಿಚ್ಚಲಿಲ್ಲ.

"ಅಜ್ಜಾರ, ನಾ ಇನ್ನ ಗುಂಡು ಮುಟ್ಟೂದಿಲ್ರಿ. ಸಾಮೂ ಸಾಕು."

"ಹಂಗಾದ್ರ ನೀರು ಯಾರು ಹೊರ್ತಾರ?"

"ನಾನ ಹೊರ್ತೀನ್ರಿ."

"ಸೌದಿ?"

"ನಾನ ಒಡೀತೀನ್ರಿ."

"ಮುಂದಿನ ಬ್ಯಾಸಗಿಗೆ ಗೆರಿ?"

ಬರಮ ತಲೆ ತಗ್ಗಿಸಿದ.

"ಇಷ್ಟೆಲ್ಲಾ ಮಾಡಾಂವ ಸಾಮು ಬಿಟ್ರ ನಡೀತೈತೇನೋ? ಏಳು, ಅಖಾಡ ಹದಾ ಮಾಡು."

ಬರಮ ಎದ್ದ. ಅಂದಿನಿಂದ ನೀರೂ ಹೊತ್ತ, ಬಸ್ಕಿಯನ್ನೂ ಹೊಡೆದ. ಜಾಗಟೆ ಕೇಳಿದರೆ ಅರ್ಧ ಬಸ್ಕಿಯಲ್ಲೇ ಎದ್ದು ಓಡುತ್ತಿದ್ದ. ಕಟ್ಟಳೆ ಮುರಿದೆಯಲ್ಲ ಎಂದು ಗುರುಗಳು ಒಮ್ಮೆಯೂ ಅನ್ನಲಿಲ್ಲ.

ಮಳೆಗಾಲ ಬಂದು, ಕರಕಲಾದ ಗುಡ್ಡದ ಮೇಲೆ ಹಸಿರು ಮೂಡಿತು. ಒಂದು ಸಂಜೆ ಗರಡಿಯಲ್ಲಿ ಅವರಿಬ್ಬರೇ ಇದ್ದಾಗ ಗುರುಗಳು ಮೂಲೆಯ ಗುಂಡುಕಲ್ಲಿನ ಕಡೆಗೆ ಗದ್ದ ಎತ್ತಿ ತೋರಿಸಿದರು.

ಬರಮ ಬಾಗಿದ. ಕಲ್ಲು ನೆಲ ಬಿಟ್ಟಿತು, ತೊಡೆಗೆ ಬಂತು, ಎದೆಗೆ ಬಂತು, ಹೆಗಲೇರಿತು. ಒಂದು ಗಳಿಗೆ ಹಾಗೆಯೇ ನಿಂತ. ಈ ಗಳಿಗೆಗಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ! ಈಗ ನೋಡಿದರೆ ಒಳಗೆ ಏನೂ ಹಿಗ್ಗಲಿಲ್ಲ. ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ.

"ಶಭಾಷ್," ಎಂದರು ಗುರುಗಳು. ಅವರ ಕಣ್ಣು ನಿಜವಾಗಿಯೂ ಅರಳಿತ್ತು.

ಬರಮನ ಸೊಂಟ ಸಿಡಿಯುತ್ತಿತ್ತು. ಹಳೆಯ ಅಭ್ಯಾಸದಲ್ಲಿ ಗೂಡಿನಿಂದ ಎಣ್ಣೆಯ ಬಟ್ಟಲು ತಂದು, ಗುರುಗಳ ಮುಂದಿಟ್ಟು, ಬೆನ್ನು ತಿರುಗಿಸಿ ಕುಳಿತ.

ಕುಳಿತ ಮೇಲೆ ಅವರ ಕೈ ನೆನಪಾಯಿತು. ನಾಚಿಕೊಂಡು ಏಳಲು ಹೋದ.

"ಕೂಡು."

ಮುದುಡಿದ ಎರಡು ಕೈಗಳು ಅವನ ಬೆನ್ನ ಮೇಲೆ ಬಂದವು. ಬೆರಳು ಬಿಚ್ಚಲಾರದೆ, ಮಣಿಕಟ್ಟಿನಿಂದಲೇ ಮೆಲ್ಲಗೆ ಸರಿದು, ನೋವಿದ್ದ ಜಾಗಕ್ಕೇ ಹೋಗಿ ನಿಂತವು.

 ಬೇಸಿಗೆಯಿಂದ ಕೇಳಲಾರದೆ ಉಳಿಸಿಕೊಂಡಿದ್ದ ಮಾತನ್ನು ಬರಮ ಕೊನೆಗೂ ಕೇಳಿದ.

"ಅಜ್ಜಾರ, ಆ ದಿಮ್ಮಿ ಭಾಳ ಭಾರ ಇತ್ತೇನ್ರಿ?"

ಬೆನ್ನ ಮೇಲಿನ ಕೈ ನಿಲ್ಲಲಿಲ್ಲ.

"ಇಬ್ಬರಿದ್ರ ಹಗುರ ಇತ್ತೋ ತಮ್ಮಾ."