ಬೋಧಕರನ್ನು ಕರೆಯಲು ಹೋದ ಎಲೀಷ

ಹೊಳೆದಂಡೆಯ ಕ್ರೈಸ್ತ ಆಶ್ರಮದಲ್ಲಿ ಸಮಾಧಾನಯ್ಯ ಎಂಬ ಹಿರಿಯ ಉಪದೇಶಿ ಇದ್ದರು. ಎಲೀಷ ಅವರ ಶಿಷ್ಯ.

ಒಂದು ಬೆಳಿಗ್ಗೆ ಎಲೀಷ ಸಿಟ್ಟಿನಿಂದ ಬಂದ. "ಅಯ್ಯನವರೇ, ಕೆಳಗಿನ ಕೇರಿಯ ಯೋಬಣ್ಣ ಸುಳ್ಳು ಬೋಧಕ. ಅವನನ್ನು ಸಭೆಗೆ ಸೇರಿಸಬಾರದು."

"ಏನು ಬೋಧಿಸಿದ?"

"ತಮಟೆ ಬಡಿದು ಕುಣಿಯುತ್ತಾನೆ. ವೇದವಾಕ್ಯ ಓದುವಾಗ ತಡವರಿಸುತ್ತಾನೆ. ಪೇಟೆಯ ಬೋಧಕರಾದ ಪ್ರಸನ್ನರಾಜರನ್ನು ನೋಡಿ, ಒಂದಕ್ಷರ ತಪ್ಪುವುದಿಲ್ಲ."

ಸಮಾಧಾನಯ್ಯ ಉತ್ತರಿಸುವ ಮೊದಲೇ ಪಕ್ಕದ ಮನೆಯಿಂದ ಕೂಗು ಕೇಳಿಸಿತು. ರಾಹೇಲಮ್ಮ ತಲೆಸುತ್ತಿ ಬಿದ್ದಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗುವುದು ಅವಿಶ್ವಾಸ ಎಂದು ಪ್ರಸನ್ನರಾಜರು ಹೇಳಿದ ಮೇಲೆ ಮಾತ್ರೆ ಬಿಟ್ಟಿದ್ದಳು.

ಸಮಾಧಾನಯ್ಯ ಅಲ್ಲಿಗೆ ಹೋಗಿ ಎಷ್ಟು ಹೇಳಿದರೂ ಅವಳು ಮಾತ್ರೆ ನುಂಗಲು ಒಪ್ಪಲಿಲ್ಲ. "ದೇವರಿಗೆ ದ್ರೋಹ ಮಾಡಲಾರೆ" ಎಂದಳು.

"ಎಲೀಷ, ಮಾತ್ರೆ ಬಿಡಿಸಿದವರೇ ಬಂದು ನುಂಗಲು ಹೇಳಲಿ. ಕರೆದುಕೊಂಡು ಬಾ."

ಎಲೀಷ ಪೇಟೆಗೆ ಓಡಿದ.

ಪ್ರಸನ್ನರಾಜರು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರು. "ಇನ್ನೂ ವಾಸಿಯಾಗಿಲ್ಲವೇ? ಹಾಗಾದರೆ ಅವಳ ವಿಶ್ವಾಸದಲ್ಲೇ ಕೊರತೆಯಿದೆ. ಉಪವಾಸ ಮಾಡಲು ಹೇಳು."

"ಒಮ್ಮೆ ಬಂದು ನೋಡಿ, ಸ್ವಾಮಿ. ಸಾಯುತ್ತಾಳೆ."

"ಸತ್ತರೆ ನನ್ನ ಹೆಸರು ಹೇಳಬೇಡಿ," ಎಂದು ಬಾಗಿಲು ಹಾಕಿಕೊಂಡರು.

ಎಲೀಷ ಅಳುತ್ತ ಹಿಂತಿರುಗಿದ. ರಾಹೇಲಮ್ಮನ ಹೊಸ್ತಿಲಲ್ಲೇ ನಿಂತುಬಿಟ್ಟ.

ಒಳಗೆ, ಸುದ್ದಿ ಕೇಳಿ ಬಂದಿದ್ದ ಯೋಬಣ್ಣ ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಅಕ್ಕಾ, ನನಗೂ ಇದೇ ಕಾಯಿಲೆ. ದಿನಾ ಪ್ರಾರ್ಥನೆ ಮಾಡಿ ಮಾತ್ರೆ ನುಂಗ್ತೀನಿ. ಯೇಸುಸ್ವಾಮಿ ಒಂದು ದಿನವೂ ನನ್ನ ಮೇಲೆ ಮುನಿಸಿಕೊಂಡಿಲ್ಲ."

"ನಿಜವಾಗಲೂ?"

"ನಿಜ ಅಕ್ಕಾ. ನಮ್ಮ ಮನೆಯವಳು ಮುನಿಸಿಕೊಳ್ತಾಳೆ, ಸ್ವಾಮಿ ಇಲ್ಲ."

ರಾಹೇಲಮ್ಮನ ಮುಖದಲ್ಲಿ ಸಣ್ಣ ನಗು ಬಂತು. ಬಾಯಿ ತೆರೆದಳು. ಮಾತ್ರೆ ಒಳಗೆ ಹೋಯಿತು. ಆಸ್ಪತ್ರೆಗೆ ಹೋಗಲೂ ಒಪ್ಪಿದಳು. ಯಾರೋ ಆಟೊ ತರಲು ಓಡಿದರು.

ಸಮಾಧಾನಯ್ಯ ಹೊರಗೆ ಬಂದರು.

"ಅಯ್ಯನವರೇ, ನನ್ನ ಕಣ್ಣು ಕುರುಡಾಗಿತ್ತು," ಎಂದ ಎಲೀಷ. "ಪ್ರಸನ್ನರಾಜರ ವಿಷಯ ಸಭೆಗೆ ತಿಳಿಸಬೇಡವೇ?"

"ತಿಳಿಸಲೇಬೇಕು. ಇವತ್ತೇ, ಎಲ್ಲರ ಮುಂದೆ, ನಾನೇ ಹೇಳುತ್ತೇನೆ."

"ನಾನೇನು ಮಾಡಲಿ?"

"ಒಳಗೆ ಹೋಗು. ಯೋಬಣ್ಣನೂ ನಿನ್ನ ಅಣ್ಣನೇ; ಬೆಳಗಿನಿಂದ ಏನೂ ತಿಂದಿಲ್ಲ, ಊಟ ಕೊಡು."