ಬಿಸಿಯಾಗದ ಲ್ಯಾಪ್‌ಟಾಪ್

ಸಾಹೇಬರು ಕರೀತಾರೆ ಅಂದರೆ ಆ ಕಚೇರಿಯ ಗುಮಾಸ್ತನಿಗೆ ಮೊದಲು ಮಂಡಿ ನಡುಗುತ್ತಿತ್ತು, ಆಮೇಲೆ ಕಾಲು ನಡೆಯುತ್ತಿತ್ತು. ಹಿಂದಿನ ಗುಮಾಸ್ತ ತಂದುಕೊಟ್ಟ ಮಿಕ್ಸಿ ಸದ್ದು ಮಾಡಿತೆಂದು ಅವನನ್ನು ಗಡಿ ತಾಲ್ಲೂಕಿಗೆ ಎತ್ತಂಗಡಿ ಮಾಡಿಸಿದ ಮಹಾನುಭಾವರು ಅವರು. ಮನೆಗೆ ತರಕಾರಿ ಬೇಕಾದರೂ ಮೂರು ಕೊಟೇಶನ್ ಕೇಳುವವರು.

“ಕಾರ್ ರೇಸ್ ಆಡೋಕೆ ನನಗೊಂದು ಲ್ಯಾಪ್‌ಟಾಪ್ ಬೇಕು ಕಣಯ್ಯ. ಮೂವತ್ತು ಸಾವಿರ ದಾಟಬಾರದು. ಆಟ ಹ್ಯಾಂಗ್ ಆಗಬಾರದು, ಬಿಸಿಯಾಗಬಾರದು, ಚಾರ್ಜ್ ಮುಗೀಬಾರದು. ಮೂರು ಕೊಟೇಶನ್ ತಾ. ತಪ್ಪಿದರೆ ಗಡಿ ಗೊತ್ತಲ್ಲ?”

ಎರಡು ಅಂಗಡಿಯವರು ಷರತ್ತು ಕೇಳಿ ನಕ್ಕರು. “ಅಂಥ ಆಟ ಓಡಿಸೋದು ಬಿಸಿಯಾಗೇ ಆಗುತ್ತೆ. ದರ ಅರವತ್ತು ಸಾವಿರ.” ಗುಮಾಸ್ತನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಸೋಮವಾರ ಮೂರು ಲಕೋಟೆ ಮೇಜಿನ ಮೇಲಿಟ್ಟು, ಓಡಲು ಅನುಕೂಲವಾಗಲೆಂದು ಬಾಗಿಲ ಬಳಿ ನಿಂತ. ಎರಡರಲ್ಲಿ ಅಂಗಡಿಯವರ ಅರವತ್ತು ಸಾವಿರ. ಮೂರನೆಯದರಲ್ಲಿ: ‘ಚೌಕಾಬಾರದ ಹಲಗೆ, ಕವಡೆ ಸಮೇತ. ಹ್ಯಾಂಗ್ ಆಗುವುದಿಲ್ಲ, ಬಿಸಿಯಾಗುವುದಿಲ್ಲ, ಚಾರ್ಜ್ ಬೇಕಿಲ್ಲ. ದರ ನೂರಿಪ್ಪತ್ತು ರೂಪಾಯಿ.’

ಸಾಹೇಬರ ಮುಖ ಕೆಂಪಗಾಯಿತು. “ಏನಯ್ಯಾ ಇದು?”

ಗುಮಾಸ್ತ ಸಾಹೇಬರ ಷರತ್ತು ಬರೆದುಕೊಂಡಿದ್ದ ಹಾಳೆಯನ್ನು ಮುಂದಿಟ್ಟ. “ಷರತ್ತೆಲ್ಲ ಪೂರೈಸಿದ್ದು ಇದೊಂದೇ ಸಾರ್. ಆರ್ಡರ್ ಹಾಕಲಾ? ಇಲ್ಲಾ, ತಾವೇ ಷರತ್ತು ಹೊಡೆದುಹಾಕಿ ಸಹಿ ಮಾಡ್ತೀರಾ?”

ಸಾಹೇಬರು ಹಲ್ಲು ಕಡಿಯುತ್ತ ಪೆನ್ನು ತೆಗೆದರು. ದರ ಹೊಡೆದರು, ಬಿಸಿ ಹೊಡೆದರು, ಚಾರ್ಜ್ ಹೊಡೆದರು. ಕೆಳಗೆ ಸಹಿ ಹಾಕಿದರು.

ವಾರದೊಳಗೆ ಹೊಸ ಲ್ಯಾಪ್‌ಟಾಪ್ ಅವರ ತೊಡೆ ಸುಟ್ಟಿತು. “ಕರೀರಿ ಅವನನ್ನ!” ಎಂದು ಗುಡುಗಿದರು. ಗುಮಾಸ್ತ ಬಂದ. ಒಂದು ಕೈಯಲ್ಲಿ ಸಹಿಯಿದ್ದ ಹಾಳೆ, ಇನ್ನೊಂದರಲ್ಲಿ ಚೌಕಾಬಾರದ ಹಲಗೆ.

ಸಾಹೇಬರು ಹಾಳೆಯನ್ನು ನೋಡಿದರು, ತಮ್ಮ ತೊಡೆ ಸವರಿಕೊಂಡರು. ಆಮೇಲೆ ಮೆಲ್ಲಗೆ ಅಂದರು:

“ಕವಡೆ ಹಾಕಯ್ಯ.”